ಪದ್ದು ಕೂಡಿಸಿದ ಮೀನುಗಳು

ನಮ್ಮ ಬೀದಿಯಲ್ಲಿ ಪದ್ದು ಬಾಯಿ ತೆರೆಯುತ್ತಿರಲಿಲ್ಲ. ಹಿಂದಿನ ಕೇರಿಯಲ್ಲಿ "ಬಂಗ್ಡಿ ಬೇಕಾ, ಬೈಗಿ ಬೇಕಾ" ಎಂದು ಕೂಗಿಕೊಂಡು ಬರುವವಳು ನಮ್ಮ ತಿರುವು ಬಂದದ್ದೇ ತಲೆಯ ಮೀನಿನ ಹೆಡಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆಯುತ್ತಿದ್ದಳು. ಮತ್ತೆ ಬಿರಬಿರನೆ ಹೆಜ್ಜೆ. ಮೀನು ತಿನ್ನದ ನಮ್ಮ ಇಪ್ಪತ್ತು ಮನೆ ದಾಟಿ ಆಚೆ ಕೇರಿ ಮುಟ್ಟಿದ ಮೇಲೆಯೇ ಮತ್ತೆ ಅವಳ ಸ್ವರ ಕೇಳುತ್ತಿತ್ತು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿದ್ದಲ್ಲ. ಅವಳ ತಾಯಿ ಇದೇ ದಾರಿಯಲ್ಲಿ ಹೆಡಿಗೆ ಹೊರುವಾಗಲೂ ಹಾಗೆಯೇ ಇತ್ತಂತೆ.

ನಾವು ಸಾಲಿಗ್ರಾಮದ ಈ ಬೀದಿಯಲ್ಲಿ ಮನೆ ಕಟ್ಟಿ ಬಂದದ್ದು ೧೯೯೭ರಲ್ಲಿ. ಅಲ್ಲಿಂದ ಹನ್ನೆರಡು ವರ್ಷ ಪದ್ದುವನ್ನು ದಿನಾ ನೋಡಿದೆ, ಒಂದು ದಿನವೂ ಮಾತಾಡಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತುಂಗಾ ಟೀಚರು ತಾನು ಬಹಳ ಒಳ್ಳೆಯವಳು ಎಂದು ಬರೆದುಕೊಂಡಿದ್ದಾಳೆ ಅಂತ ನಾಳೆ ಯಾರೂ ಆಡಿಕೊಳ್ಳುವುದು ಬೇಡ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಮಕ್ಕಳು ಹೇಳುತ್ತಿದ್ದರು. ಸುಳ್ಳೇನಲ್ಲ.

ಮೀನು ನಮ್ಮ ಮನೆಗೆ ಬಂದದ್ದು ನಮ್ಮವರಿಂದ. ಸುಬ್ಬರಾಯ ಹೊಳ್ಳರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಜಗಲಿಯಲ್ಲಿ ಕೂತರು ನೋಡಿ, ಕೂತೇ ಬಿಟ್ಟರು. ಪೇಪರು ಓದಿ ಮುಗಿದರೆ ಮುಗಿಯಿತು. ಪರಿಚಯದವರು ಯಾರಾದರೂ ಜಾತಕ ತಂದರೆ ಕೂಡಿಬರುತ್ತದೋ ಇಲ್ಲವೋ ಎಂದು ನೋಡಿ ಹೇಳುವಷ್ಟೇ ಮಾತು. ನನ್ನ ಹತ್ತಿರ ದಿನಕ್ಕೆ ಮೂರು ಶಬ್ದ: ಕಾಫಿ, ಊಟ, ಹೂಂ. ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂದು ಮರೆತುಹೋಗುವಷ್ಟು ಮೌನ. ನನಗೆ ಒಳಗೊಳಗೇ ಹೆದರಿಕೆ ಶುರುವಾಗಿತ್ತು.

೨೦೦೯ರಲ್ಲಿ ಅವರ ಅಣ್ಣನ ಮಗ ಮಧುಸೂದನ ಮುಂಬೈಯ ತನ್ನ ಹೋಟೆಲು ಮುಚ್ಚಿದ. ಹೋಟೆಲಿನಲ್ಲಿದ್ದ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರ ಕಲ್ಲು, ಮರಳು, ಪಂಪು, ದೀಪ, ನೀರಿಗೆ ಬೆರೆಸುವ ಉಪ್ಪಿನ ಚೀಲ ಎಲ್ಲ ಲಾರಿಯಲ್ಲಿ ನಮ್ಮಲ್ಲಿಗೆ ಬಂತು. ಹಿಂದೆಯೇ ಅದನ್ನು ಕೂಡಿಸಿಕೊಡುವವನೂ ಬಂದ. ಅದರಲ್ಲಿ ಬಿಡುವುದು ಸಿಹಿನೀರಿನ ಚಿನ್ನದ ಮೀನಲ್ಲ, ಉಪ್ಪುನೀರಿನ ಮೀನು, ಹವಳದ ಬಂಡೆಯಲ್ಲಿ ಬದುಕುವಂಥವು. ಚಾವಡಿಯ ಬಡಗು ಕಿಟಕಿಗೆ ತಾಗಿಸಿ ಇಟ್ಟರು. ನಾನು ಎರಡು ದಿನ ಕೂಗಾಡಿದೆ. ಮೂರನೆಯ ದಿನ ನೀರು ತುಂಬಿ ದೀಪ ಹಾಕಿದಾಗ ನಮ್ಮವರು "ತುಂಗಾ, ಇಲ್ ಬಾ, ಕಾಣ್ ಕಾಣ್!" ಎಂದು ಕರೆದರು. ಆ ಸ್ವರ ಕೇಳದೆ ಎಷ್ಟು ವರ್ಷವಾಗಿತ್ತೋ. ಬಾಯಿ ಮುಚ್ಚಿಕೊಂಡೆ.

ಮಂಗಳೂರಿನ ಅಂಗಡಿಯೊಂದರಿಂದ ಮೀನು ತಂದರು. ಹೇಗೆ ಆರಿಸಿದರು ಎಂದು ಕೇಳಿ. ಬಣ್ಣ ನೋಡಿ! ಬಿಳಿ ಪಟ್ಟೆಯ ಕಿತ್ತಳೆ ಜೋಡಿ, ಒಂದು ಹಳದಿ, ನಾಲ್ಕು ನೀಲಿ, ಮರಳಲ್ಲಿ ಕೂರುವ ಬೆರಳುದ್ದದವು ಮೂರು, ಮೈತುಂಬ ಗರಿ ಬಿಡಿಸಿಕೊಂಡ ಒಂದು, ಮೊಲದ ಹಾಗೆ ಹಲ್ಲಿದ್ದ ಒಂದು. ಪಂಚಾಂಗ ನೋಡಿ ಒಳ್ಳೆಯ ಮುಹೂರ್ತದಲ್ಲಿ ಎಲ್ಲವನ್ನೂ ಒಂದೇ ಸಲ ನೀರಿಗೆ ಬಿಟ್ಟರು.

ಹದಿನೈದು ದಿನದೊಳಗೆ ಒಂದೊಂದೇ ಕಡಿಮೆಯಾಗತೊಡಗಿತು. ಬೆರಳುದ್ದದವು ಕಾಣೆಯಾದವು. ನಮ್ಮವರು ಕಲ್ಲಿನ ಸಂದಿಗೆ ಟಾರ್ಚು ಬಿಟ್ಟು ಹುಡುಕುತ್ತಿದ್ದರು. ಎರಡು ನೀಲಿ ಬಾಲ ಹರಿದು ಸತ್ತವು. ಸತ್ತದ್ದನ್ನೆಲ್ಲ ನಂದಿಬಟ್ಟಲಿನ ಬುಡದಲ್ಲಿ ಹುಗಿದು, ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡು ಬರುತ್ತಿದ್ದರು. ಮನೆಯೊಳಗೆ ಒಂದು ಇರುವೆ ಕೊಲ್ಲಲೂ ಹಿಂಜರಿಯುವ ಜೀವ ಅದು. ಎರಡನೆಯ ನೀಲಿಯನ್ನು ಹುಗಿದ ದಿನ ಊಟಕ್ಕೆ ಕೂರಲಿಲ್ಲ.

"ಇನ್ನೊಂದ್ ಸತ್ರೆ ಎಲ್ಲ ವಾಪಸ್ ಕೊಟ್ಟ್, ತೊಟ್ಟಿ ಖಾಲಿ ಮಾಡ್ತೆ. ನಮ್ಮ್ ಕೈಯಂಗೆ ಈ ಪಾಪ ಬೇಡ" ಎಂದರು. ಹೇಳಿ ಜಗಲಿಗೆ ಹೋಗಿ ಅದೇ ಹಳೆಯ ಕುರ್ಚಿಯಲ್ಲಿ ಕೂತರು.

ನನಗೆ ಮೀನಿನ ಚಿಂತೆ ಇರಲಿಲ್ಲ. ಆ ಕುರ್ಚಿಯ ಚಿಂತೆ. ತೊಟ್ಟಿ ಖಾಲಿಯಾದರೆ ಈ ಮನುಷ್ಯ ಮತ್ತೆ ಮೂರು ಶಬ್ದಕ್ಕೆ ಇಳಿಯುತ್ತಾರೆ. ರಾತ್ರಿಯಿಡೀ ಹೊರಳಾಡಿದೆ. ಮರುದಿನ ಬೆಳಿಗ್ಗೆ ಪದ್ದು ಬಾಯಿ ಮುಚ್ಚಿಕೊಂಡು ನಮ್ಮ ಗೇಟು ದಾಟುತ್ತಿದ್ದಾಗ ಓಡಿಹೋಗಿ ಕೂಗಿದೆ.

"ಹ್ವಾಯ್ ಪದ್ದು! ಇಲ್ ಬಾ ಮಾರಾಯ್ತಿ. ಮೀನ್ ಕಾಂಬುಕಿತ್ತ್."

ಅವಳು ತಬ್ಬಿಬ್ಬಾದಳು. ಎದುರು ಮನೆಯವರ ಕಿಟಕಿಯನ್ನು ಒಮ್ಮೆ ನೋಡಿದಳು. "ನಿಮ್ಮನ್ಯಗಾ ಟೀಚ್ರೆ? ಮೀನಾ?" ಎಂದಳು. ಹೆಡಿಗೆಯನ್ನು ಗೇಟಿನ ಹೊರಗೆ ಹಲಸಿನ ಮರದಡಿ ಇಟ್ಟು, ನಲ್ಲಿಯಲ್ಲಿ ಕೈಕಾಲು ಎರಡೆರಡು ಸಲ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಬಂದಳು.

ತೊಟ್ಟಿಯ ಮುಂದೆ ನಿಂತವಳು ನೋಡುತ್ತಲೇ ಇದ್ದಳು. ಅರ್ಧ ನಿಮಿಷ, ಒಂದು ನಿಮಿಷ. ನನಗೆ ಸಿಟ್ಟು ಬರಲು ಶುರುವಾಯಿತು. ಆಮೇಲೆ ನೋಡಿದರೆ ಅವಳ ಕಣ್ಣಲ್ಲಿ ನೀರು.

"ಟೀಚ್ರೆ, ಇವ್ ರೆಕ್ಕಿ ಹೀಂಗ್ ಬಿಡ್ಸ್ಕಂಡ್ ಇರ್ತ್ವಾ?"

"ಎಂತ, ನಿಂಗೊತ್ತಿಲ್ಯಾ?"

"ಹೆಂಗ್ಸ್ರ್ ದೋಣಿ ಹತ್ತುದಿಲ್ಲ ಅಲ್ದಾ. ನಮ್ಮ್ ಕೈಗೆ ಬಪ್ಪತಿಗೆ ಎಲ್ಲ ರೆಕ್ಕಿ ಮೈಗ್ ಅಂಟ್ಕಂಡಿರತ್ತ್. ಹೆಡ್ಗಿ ಹೊರುಕೆ ಶುರು ಮಾಡಿ ಮೂವತ್ತೈದ್ ವರ್ಷ ಆಯ್ತ್. ಕಡ್ಲಿನ್ ಮೀನ್ ಈಜುದ್ ಇವತ್ತೇ ಕಂಡದ್ದ್."

ಹದಿಮೂರಕ್ಕೆ ತಾಯಿಯ ಹೆಡಿಗೆ ತಲೆಗೇರಿಸಿಕೊಂಡವಳು, ಸಾಸ್ತಾನದ ಪಡುವಲ ಕೋಡಿಯಲ್ಲಿ ಕಡಲಿಗೆ ಬೆನ್ನು ಹಾಕಿದ ಮನೆಯಲ್ಲಿ ಹುಟ್ಟಿ ಅಲ್ಲೇ ಪಕ್ಕಕ್ಕೆ ಮದುವೆಯಾದವಳು, ಗಂಡ ಸತ್ತ ಹನ್ನೆರಡನೆಯ ದಿನಕ್ಕೆ ಮತ್ತೆ ಹೆಡಿಗೆ ಹೊತ್ತವಳು. ಅಂಥವಳು ಇದನ್ನು ಹೇಳುತ್ತಿದ್ದಳು.

ಆದರೆ ಅವಳು ಬಹಳ ಹೊತ್ತು ಹಾಗೆ ನಿಲ್ಲುವ ಪೈಕಿಯಲ್ಲ. ಕಣ್ಣೊರೆಸಿಕೊಂಡು ಗಾಜಿಗೆ ಹತ್ತಿರ ಬಗ್ಗಿದಳು. ಮಾರ್ಕೆಟ್ಟಿನಲ್ಲಿ ಮೀನು ತಿರುಗಿಸಿ ನೋಡುವ ಕಣ್ಣು ಬಂತು.

"ಅಯ್ಯ, ಇವ್ರನ್ನೆಲ್ಲ ಒಟ್ಟಿಗ್ ಕೂರ್ಸದ್ದ್ ಯಾರ್?"

"ನಾನೇ. ಎಂತಕೆ?" ನಮ್ಮವರು ಜಗಲಿಯಿಂದ ಎದ್ದು ಬಂದಿದ್ದರು.

"ಆ ಗರಿಯದ್ರ್ ಬಾಯಿ ಕಾಣಿ. ಮುಚ್ಚಿರೆ ಸಣ್ಣ, ತೆರದ್ರೆ ಮುರು ಮೀನಿನ್ ಹಾಂಗ್ ದೊಡ್ಡ್ ಬಾಯಿ. ಬಲಿಯಗ್ ಬಿದ್ದದ್ರ್ ಹೊಟ್ಟಿ ಕೊಯ್ದ್ ಕಂಡಿದೆ, ಒಳ್ಗೆ ಇಡೀ ಇಡೀ ಮೀನೇ ಇರತ್ತ್. ನಿಮ್ಮ್ ಕಾಣಿಯಾದವ್ ಎಲ್ಲ ಅಲ್ಲೇ ಇಪ್ಪುದ್."

ನಮ್ಮವರು ಕೈಯಲ್ಲಿದ್ದ ಟಾರ್ಚನ್ನು ಮೆಲ್ಲಗೆ ಕೆಳಗಿಟ್ಟರು.

"ಹಲ್ಲಿನದ್ದ್ ಏಡಿ ಚಿಪ್ಪ್ ಒಡ್ದ್ ತಿಂಬುದ್. ಬೇರೆವ್ರ್ ಬಾಲ ಅದಕ್ಕೆಂತ ಲೆಕ್ಕ? ಹಳ್ದಿಯದ್ರ್ ಬಾಯಿ ಕಾಣಿ, ಚಿಮ್ಟಿಯಷ್ಟ್. ಇಂಥದ್ರ್ ಕರುಳ್ ಉದ್ದ ಇರತ್ತ್, ಹೊಟ್ಟಿಯಂಗೆ ಬರೀ ಪಾಚಿ. ಅದ್ ಪಾಪದ್ದ್. ಜೋಡಿ ಇಪ್ಪುದ್ ಕಿತ್ಳಿ ಬಣ್ಣದ್ದ್, ಅವ್ ಅವ್ರ್ ಮೂಲಿ ಬಿಟ್ಟ್ ಬಪ್ಪುದಿಲ್ಲ."

"ನೀ ಇದೆಲ್ಲ ಎಲ್ ಓದ್ದೆ?" ಎಂದರು ನಮ್ಮವರು. ಪಾಪ, ಜಾತಕ ಓದುವವರು.

"ಓದದ್ದಲ್ಲ ಅಯ್ಯ, ಕೊಯ್ದದ್ದ್."

ಆಮೇಲೆ ಕೇಳಿದಳು, "ತಿಂಬುಕೆ ಎಂತ ಹಾಕ್ತ್ರಿ?"

ನಮ್ಮವರು ಹೆಮ್ಮೆಯಿಂದ ಬಟ್ಟಲು ತಂದು ತೋರಿಸಿದರು. ಬೇಯಿಸಿದ ಹರಿವೆ ಸೊಪ್ಪು. ಜೊತೆಗೊಂದು ಮೀನಿನ ತಿಂಡಿಯ ಪೊಟ್ಟಣ, ಹಸಿರು ಚುಕ್ಕಿ ಇರುವುದೇ ಬೇಕೆಂದು ಅಂಗಡಿಯವನ ಹತ್ತಿರ ಜಗಳವಾಡಿ ತಂದದ್ದು. ಮೀನಾದರೇನು, ನಮ್ಮ ಮನೆಗೆ ಬಂದ ಮೇಲೆ ನಮ್ಮ ಹಾಗೇ ಉಣ್ಣಬೇಕು ಎಂಬುದು ಅವರ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಪದ್ದು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು ನಕ್ಕಳು, ಕೊನೆಗೆ ಗೋಡೆ ಹಿಡಿದುಕೊಂಡಳು.

"ಹರ್ವಿ ಸೊಪ್ಪಾ! ಹಳ್ದಿಯದ್ದ್ ಬದ್ಕತ್ತ್. ಉಳದವ್ರ್ ಎಂತ ಮಾಡ್ಕ್ ಅಯ್ಯ? ಹೊಟ್ಟಿ ಖಾಲಿ ಇದ್ರೆ ಸಾಧುವೂ ಕಚ್ಚತ್ತ್. ಚಟ್ಲಿ ಹಾಕ್ಕ್."

ಚಟ್ಲಿ ಎಂದರೆ ಸೀಗಡಿ. ನಮ್ಮವರು ನನ್ನ ಮುಖ ನೋಡಿದರು. ಅಡುಗೆಮನೆ ನನ್ನದು, ಮಡಿಯೂ ನನ್ನದು, ತೀರ್ಮಾನ ಹೇಳಬೇಕಾದದ್ದೂ ನಾನೇ. ನಾನು ಕಿಟಕಿ ನೋಡಿದೆ. ತೊಟ್ಟಿಯ ಬಾಯಿ ಕಿಟಕಿಯ ಸರಳಿಗೆ ತಾಗಿಕೊಂಡೇ ಇತ್ತು.

"ಪದ್ದು, ಕಾಂಬುಕೆ ನೀ ಒಳ್ಗ್ ಬಾ. ಚಟ್ಲಿ ಹಿಡ್ಕಂಡ್ ಮಾತ್ರ ಒಳ್ಗ್ ಬಪ್ಪುಕಿಲ್ಲ. ನಿನ್ನ್ ಮನಿಯಗೇ ಕೊಚ್ಚ್ ತಾ, ಹೊರ್ಗ್ ನಿಂತ್ ಕಿಟ್ಕಿಯಂಗೆ ಕೈ ಹಾಕಿ ಬಿಡ್. ತಿಂಗ್ಳಿಗ್ ಇಷ್ಟ್ ಅಂತ ಕೊಡ್ತೆ."

"ಅಕ್ಕ್ ಟೀಚ್ರೆ" ಎಂದು ಇನ್ನೊಂದು ಮಾತಿಲ್ಲದೆ ಒಪ್ಪಿಕೊಂಡಳು. ನನಗೆ ನನ್ನ ಬುದ್ಧಿವಂತಿಕೆಯ ಬಗ್ಗೆ ಬಹಳ ಹೆಮ್ಮೆಯೆನಿಸಿತು. ಮಡಿಯೂ ಉಳಿಯಿತು, ಮೀನೂ ಉಳಿಯಿತು.

ಗರಿಯದನ್ನೂ ಹಲ್ಲಿನದನ್ನೂ ಅಂಗಡಿಗೆ ವಾಪಸ್ಸು ಕೊಡಲು ಹೋದಾಗ ನಮ್ಮವರು ಪದ್ದುವನ್ನೂ ಕರೆದುಕೊಂಡು ಹೋದರು. ನಾನೂ ಹೊರಟೆ. ಅಂಗಡಿಯವನು ಒಂದೊಂದೇ ಮೀನಿನ ಗುಣಗಾನ ಮಾಡಿದ. ಪದ್ದು ಅವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೊದಲು ಬಾಯಿ ನೋಡಿದಳು, ಆಮೇಲೆ ಹೊಟ್ಟೆ ಒಳಸೇರಿದೆಯೋ ಎಂದು ನೋಡಿದಳು, ಕಿವಿರು ಎಷ್ಟು ಬೇಗ ಬೇಗ ಬಡಿಯುತ್ತದೆ ಎಂದು ನೋಡಿದಳು. "ಈಗ ತಿಂಬುಕೆ ಹಾಕ್. ತಿಂಬುದ್ ಕಾಣ್ದೆ ತಕಂಬುದಿಲ್ಲ" ಎಂದಳು. ಅವನು ಹಾಕಿದ. ಮೂಲೆಯಲ್ಲೇ ನಿಂತು ತಿನ್ನದ್ದನ್ನು ಬೇಡವೆಂದಳು, ಅದು ಎಷ್ಟು ಚಂದವಿದ್ದರೂ. ನಮ್ಮವರು ಇನ್ನೊಂದು ಹಳದಿ ಬೇಕೆಂದು ಮಗುವಿನ ಹಾಗೆ ನಿಂತರು.

"ಒಂದೇ ನಮೂನಿಯವ್ರ್ ಇಬ್ರ್ ಬೇಡ ಅಯ್ಯ. ಒಂದೇ ಪಾಚಿಗೆ ಇಬ್ರ್ ಬಾಯಿ ಹಾಕ್ರೆ ದಿನಾ ಗಲಾಟಿ."

"ಕಿತ್ಳಿ ಇಬ್ರ್ ಇದ್ದೊ ಅಲ್ದಾ?"

"ಅವ್ ಗಂಡ ಹೆಂಡ್ತಿ. ಅವ್ರ್ ಗಲಾಟಿ ಬೇರೆ" ಎಂದು ನಮ್ಮಿಬ್ಬರನ್ನೂ ಒಮ್ಮೆ ನೋಡಿ ನಕ್ಕಳು. ನಾನು ಬೇರೆ ಕಡೆ ನೋಡಿದೆ.

ತೊಟ್ಟಿಯಲ್ಲಿ ಉಳಿದಿದ್ದ ಎರಡು ನೀಲಿಯಲ್ಲಿ ಒಂದು ರೌಡಿ. ಬಂದ ಹೊಸಬರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತಿತ್ತು. ಪದ್ದು ಅದನ್ನು ಒಂದು ಬಕೆಟಿಗೆ ಹಾಕಿಸಿ, ಪಂಪಿನ ಗಾಳಿ ಬಿಡಿಸಿ, ತೊಟ್ಟಿಯ ಕಲ್ಲುಗಳನ್ನೆಲ್ಲ ಎತ್ತಿ ಬೇರೆ ಥರ ಜೋಡಿಸಲು ನಮ್ಮವರಿಗೆ ಹೇಳಿದಳು. ಮೊದಲು ಹೊಸದಾಗಿ ತಂದ ಮರಳಿನ ಸಣ್ಣವು, ಎರಡು ದಿನ ಬಿಟ್ಟು ಉಳಿದವು, ಎಲ್ಲಕ್ಕಿಂತ ಕೊನೆಗೆ ರೌಡಿ. ಅದು ಒಳಗೆ ಬಂದು ತನ್ನ ಹಳೆಯ ಸಂದಿ ಹುಡುಕಿತು, ಸಿಗಲಿಲ್ಲ. ಸುಮ್ಮನೆ ಒಂದು ಮೂಲೆಗೆ ಹೋಯಿತು.

ಇದು ಎಲ್ಲಿಂದ ಬಂದ ಉಪಾಯ ಎಂದು ಕೇಳಿದೆ. "ಮಾರ್ಕೆಟಿಂದ" ಎಂದಳು. ಹಳೆಯ ಮೀನು ಮಾರ್ಕೆಟ್ಟಿನಲ್ಲಿ ಹೊಸಬಳು ಯಾರೇ ಬಂದು ಕೂತರೂ ಹಳಬರು ಹೆಡಿಗೆ ಎತ್ತಿ ಬಿಸಾಡುತ್ತಿದ್ದರಂತೆ. ಚಂದ್ರಮತಿ ಎಂಬ ಮುದುಕಿಯೊಬ್ಬಳು ಎಲ್ಲರಿಗಿಂತ ಜೋರು. ಹೊಸ ಶೆಡ್ಡು ಕಟ್ಟಿ ಎಲ್ಲರನ್ನೂ ಅಲ್ಲಿಗೆ ಕಳಿಸಿದ ದಿನ ಯಾರಿಗೂ ತಮ್ಮ ಜಾಗ ಯಾವುದೆಂದು ಗೊತ್ತಿರಲಿಲ್ಲ. "ಆ ದಿನ ಚಂದ್ರಮತಿಯಕ್ಕನೂ ನಾನೂ ಒಂದೇ ಕಂಬಕ್ಕ್ ಒರ್ಗಿ ಎಲಿ ಅಡ್ಕಿ ಹಾಕ್ಕಂಡ್ ಕೂತದ್ದ್" ಎಂದು ನಕ್ಕಳು.

ಅಲ್ಲಿಂದ ಆರು ವರ್ಷ, ದಿನಾ ಬೆಳಿಗ್ಗೆ ಹತ್ತಕ್ಕೆ, ಪದ್ದು ಕಿಟಕಿಯ ಹೊರಗೆ ಬಂದು ನಿಂತಳು. ಹೆಡಿಗೆ ಹಲಸಿನ ಮರದಡಿ. ಕೈಯಲ್ಲಿ ಸಣ್ಣ ಡಬ್ಬಿ, ಅದರೊಳಗೆ ತಲೆ ಚಿಪ್ಪು ತೆಗೆದು ಎಳ್ಳಿನಷ್ಟು ಸಣ್ಣಗೆ ಕೊಚ್ಚಿದ ಚಟ್ಲಿ. ಮಳೆಗಾಲದಲ್ಲಿ ಕಡಲು ಬಂದ್ ಆದರೆ ಸೀತಾ ಹೊಳೆಯ ಚಟ್ಲಿ ತರುತ್ತಿದ್ದಳು. ಮೀನುಗಳಿಗೆ ಅದು ಎಷ್ಟು ಅಭ್ಯಾಸವಾಯಿತೆಂದರೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಎಲ್ಲವೂ ಕಿಟಕಿ ಬದಿಗೆ ಸೇರುತ್ತಿದ್ದವು. ನಮ್ಮವರು ಒಳಗೆ ಗಾಜಿನೆದುರು ಸ್ಟೂಲು ಹಾಕಿ ಕೂರುತ್ತಿದ್ದರು. ಆಚೆ ಪದ್ದು, ಈಚೆ ಇವರು, ನಡುವೆ ಮೀನು. ಇವತ್ತು ಯಾರು ಯಾರನ್ನು ಅಟ್ಟಿದರು, ಯಾರು ಉಣ್ಣಲಿಲ್ಲ, ಕಿತ್ತಳೆ ಮೊಟ್ಟೆ ಇಟ್ಟಿತೋ ಇಲ್ಲವೋ. ನನ್ನ ಹತ್ತಿರ ಮೂವತ್ತು ವರ್ಷದಲ್ಲಿ ಆಡದಷ್ಟು ಮಾತನ್ನು ನಮ್ಮವರು ಆ ಕಿಟಕಿಯಲ್ಲಿ ಆಡಿದ್ದಾರೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸಂತೋಷವೂ ಆಗುತ್ತಿತ್ತು. ಕಿಟಕಿಯ ದಂಡೆಯ ಮೇಲೆ ಅವಳಿಗೆಂದೇ ಇಟ್ಟ ಲೋಟದಲ್ಲಿ ಕಾಫಿ ಇಟ್ಟು ಬರುತ್ತಿದ್ದೆ. ಅವಳು ಕುಡಿದು, ನಲ್ಲಿಯಲ್ಲಿ ತೊಳೆದು, ಕವುಚಿ ಇಡುತ್ತಿದ್ದಳು.

ಒಮ್ಮೆ ಕೇಳಿದೆ, ಈಜುವ ಮೀನು ನೋಡಿದ ಮೇಲೆ ಕೊಯ್ಯಲು ಬೇಸರವಾಗುವುದಿಲ್ಲವಾ ಎಂದು. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಬೇಜಾರ್ ಮಾಡ್ಕಂಡ್ರೆ ಉಂಬುದೆಂತ ಟೀಚ್ರೆ? ಕೊಯ್ವತಿಗೆ ಕೊಯ್ತೆ. ಇಲ್ ಬಂದತಿಗೆ ಕಾಂತೆ" ಎಂದಳು.

೨೦೧೫ರ ಮೇ ಕೊನೆಗೆ ಒಂದು ದಿನ ಪದ್ದು ಬರಲಿಲ್ಲ. ಮರುದಿನವೂ ಇಲ್ಲ. ಅವಳ ಮೊಬೈಲು ಬಂದ್. ಮೂರನೆಯ ದಿನ ರೌಡಿ ನೀಲಿ ಮರಳಿನ ಸಣ್ಣದೊಂದರ ರೆಕ್ಕೆ ಹರಿಯಿತು. ನಮ್ಮವರು ಹಸಿರು ಚುಕ್ಕಿಯ ಪೊಟ್ಟಣ ಹಿಡಿದು ತೊಟ್ಟಿ ಸುತ್ತಿದರು, ಹಾಕಿದರೂ ಹಳದಿಯೊಂದನ್ನು ಬಿಟ್ಟು ಯಾವುದೂ ಮುಟ್ಟಲಿಲ್ಲ. "ಆ ದಿನ ಹೇಳಿದ್ದೆ ಅಲ್ದಾ ತುಂಗಾ, ಖಾಲಿ ಮಾಡ್ತೆ ಅಂತ" ಎಂದರು. ಎಪ್ಪತ್ತೊಂದು ವರ್ಷದ ಮುಖ, ಒಂದೇ ದಿನದಲ್ಲಿ ಎಂಬತ್ತಾಗಿತ್ತು. ನಾನು ರಿಕ್ಷಾ ಕರೆಸಿ ಕೋಡಿಯ ಅವಳ ಮನೆಗೆ ಹೊರಟೆ.

ಹಂಗಾರಕಟ್ಟೆಯ ಜೆಟ್ಟಿಯಲ್ಲಿ ಜಾರಿ ಬಿದ್ದು ಪದ್ದು ಕಾಲಿನ ಮೂಳೆ ಮುರಿದುಕೊಂಡಿದ್ದಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯ ಮಂಚದಲ್ಲಿ ಮಲಗಿದ್ದಳು. ನನ್ನನ್ನು ಕಂಡು ಏಳಲು ಹೋದಳು, ಸೊಸೆ ಕುಸುಮ ಹಿಡಿದು ಮಲಗಿಸಿದಳು.

"ಮೀನ್ ತಿಂದೊ ಟೀಚ್ರೆ?" ಇದೇ ಅವಳ ಮೊದಲ ಮಾತು.

"ಇಲ್ಲ. ನೀಲಿ ಕಚ್ಚುಕೆ ಶುರು ಮಾಡಿತ್. ಕುಸುಮನ್ನ ಕಳ್ಸ್."

ಕುಸುಮ ಬೆಳಿಗ್ಗೆ ಏಳಕ್ಕೆ ಮೀನಿನ ಫ್ಯಾಕ್ಟರಿಗೆ ಹೋದರೆ ಸಂಜೆಯೇ ಬರುವುದು. ಮಗ ಸಚಿನ್ ಬೋಟಿನಲ್ಲಿ. ಬೇರೆ ಯಾರೂ ಇರಲಿಲ್ಲ. ಪದ್ದು ಕಣ್ಣು ಮುಚ್ಚಿಕೊಂಡು, "ಹಾಂಗಾರೆ ಅಂಗ್ಡಿಗೆ ಕೊಟ್ ಬನ್ನಿ ಟೀಚ್ರೆ. ಹಸ್ಕಂಡ್ ಸಾಯುದ್ ಬೇಡ" ಎಂದಳು. ಆ ಆರು ವರ್ಷ ಅವಳು ಒಂದೊಂದೇ ಆರಿಸಿ ಕೂಡಿಸಿದ ಮೀನುಗಳು.

ಅಂಗಳದ ಬದಿಯಲ್ಲಿ ಕುಸುಮ ರಾತ್ರಿಯ ಅಡುಗೆಗೆ ಹೊಳೆ ಚಟ್ಲಿ ಸುಲಿಯುತ್ತಿದ್ದವಳು ಹಾಗೇ ಬಿಟ್ಟು ಬಂದಿದ್ದಳು. ನಾನು ಸೆರಗು ಸಿಕ್ಕಿಸಿಕೊಂಡು ಅಲ್ಲಿ ಹೋಗಿ ಕೂತೆ. ಒಂದನ್ನು ಕೈಗೆತ್ತಿಕೊಂಡೆ. ತಣ್ಣಗೆ, ಜಾರಿಕೆ.

"ತೋರ್ಸ್" ಎಂದೆ.

"ಅಯ್ಯಯ್ಯೋ ಬೇಡ! ನಿಮ್ಗೆ ಆಪ್ದಲ್ಲ ಅದ್. ಕುಸುಮ, ತಕ, ಕೈಯಿಂದ ತಕ!"

"ನಂಗೆ ಆಪ್ದಾ ಅಲ್ದಾ ಹೇಳುಕೆ ನೀ ಯಾರ್? ಬಾಯ್ ಮುಚ್ಕಂಡ್ ತೋರ್ಸ್!" ಎಂದು ಗದರಿದೆ. ಮೂವತ್ತಮೂರು ವರ್ಷ ಕ್ಲಾಸಿನಲ್ಲಿ ಬಳಸಿದ ಸ್ವರ.

ಮಂಚದಿಂದಲೇ ಕಲಿಸಿದಳು. ತಲೆ ಮುರಿಯಬೇಕು, ಚಿಪ್ಪನ್ನು ಕಾಲಿನ ಕಡೆಯಿಂದ ಬಿಡಿಸಬೇಕು, ಬೆನ್ನಿನ ಕಪ್ಪು ದಾರ ಎಳೆಯಬೇಕು, ಆಮೇಲೆ ಕೊಚ್ಚಬೇಕು. "ತೊಟ್ಟಿಯಂಗೆ ಎಲ್ಲಕ್ಕಿಂತ ಸಣ್ಣ್ ಬಾಯಿ ಯಾರದ್ದೋ, ಅದ್ರ್ ಅಳ್ತಿಗೆ ಕೊಚ್ಚಿ. ದೊಡ್ಡವ್ರ್ ಹ್ಯಾಂಗೂ ತಿಂತೊ." ಮೊದಲ ಮೂರು ಚಟ್ಲಿ ನನ್ನ ಕೈಯಲ್ಲಿ ಚಟ್ನಿಯಾಯಿತು. ಹತ್ತನೆಯದು ಸರಿಯಾಯಿತು.

ಕೈ ತೊಳೆದು ನೀರು ಕೇಳಿದೆ. ಪದ್ದು ಸೊಸೆಗೆ ಪಿಸುಗುಟ್ಟಿದಳು. ಕುಸುಮ ಒಳಗಿನಿಂದ ಸಿಪ್ಪೆ ಸುಲಿಯದ ಎರಡು ಬಾಳೆಹಣ್ಣು ತಂದು ನನ್ನ ಮುಂದೆ ಇಟ್ಟಳು. ನೀರು ಕೊಡಲಿಲ್ಲ. ನಾನು ಅವರ ಮನೆಯ ನೀರು ಕುಡಿಯುವವಳಲ್ಲ ಎಂದು ಅವರಿಗೆ ಗೊತ್ತಿತ್ತು. ನನಗೂ ಮತ್ತೊಮ್ಮೆ ಕೇಳಲು ಬಾಯಿ ಬರಲಿಲ್ಲ. ಹಣ್ಣು ಹಿಡಿದುಕೊಂಡು, ಡಬ್ಬಿ ಹಿಡಿದುಕೊಂಡು ಬಂದೆ.

ಮನೆಗೆ ಬಂದಾಗ ಕತ್ತಲಾಗಿತ್ತು. ಡಬ್ಬಿಯನ್ನು ಬಚ್ಚಲಿನ ಪಕ್ಕ ನೀರಿನ ಪಾತ್ರೆಯೊಳಗೆ ಇಟ್ಟೆ. ಬೆಳಿಗ್ಗೆ ಮಳೆ. ಹತ್ತು ಗಂಟೆಗೆ ಡಬ್ಬಿ ಹಿಡಿದು ಚಾವಡಿಗೇ ಹೋದೆ. ಮಡಿ ಗಿಡಿ ಎಲ್ಲ ಹಿಂದಿನ ದಿನವೇ ಮುಗಿದಿತ್ತಲ್ಲ. ತೊಟ್ಟಿಯ ಈಚೆ ಬದಿಯಿಂದ ಚಿಟಿಕೆ ಚಟ್ಲಿ ಬಿಟ್ಟೆ. ಒಂದೂ ತಿರುಗಲಿಲ್ಲ. ಎಲ್ಲವೂ ಕಿಟಕಿ ಬದಿಗೆ ಮುಖ ಮಾಡಿ ಗುಂಪಾಗಿ ನಿಂತಿದ್ದವು, ನನ್ನ ಕೈ ಕಂಡರೆ ಹೆದರಿ ಕಲ್ಲಿನ ಹಿಂದೆ ಹೋಗುತ್ತಿದ್ದವು.

"ಅವ್ಕ್ ಅಲ್ಲಿಂದ್ಲೇ ಬರ್ಕ್ ತುಂಗಾ" ಎಂದರು ನಮ್ಮವರು.

ಹೊರಗೆ ಹೋದೆ. ಮನೆ ಸುತ್ತಿ ಬಡಗು ಕಿಟಕಿಯಡಿಗೆ ಬಂದು ನಿಂತೆ. ಹದಿನೆಂಟು ವರ್ಷದಿಂದ ನನ್ನದೇ ಆದ ಮನೆಯಲ್ಲಿ ಆ ಜಾಗದಲ್ಲಿ ನಾನು ಒಂದು ದಿನವೂ ನಿಂತಿರಲಿಲ್ಲ. ಕಿಟಕಿ ಎತ್ತರ, ತುದಿಗಾಲಿನಲ್ಲಿ ನಿಂತರೆ ಮಾತ್ರ ಸರಳಿನೊಳಗೆ ಕೈ ಹೋಗುತ್ತದೆ. ಪದ್ದು ನನಗಿಂತ ಎರಡು ಬೆರಳು ಗಿಡ್ಡ. ಕಾಲಡಿ ಎರಡು ಕಡೆ ಮಣ್ಣು ತಗ್ಗಾಗಿತ್ತು, ಅವಳ ಹೆಜ್ಜೆಯ ಅಳತೆಗೆ. ಹೆಂಚಿನ ನೀರು ಬೇರೆಲ್ಲೂ ಅಲ್ಲ, ನೇರ ಅಲ್ಲಿ ನಿಂತವರ ನೆತ್ತಿಗೇ ಸುರಿಯುತ್ತದೆ. ಎರಡು ನಿಮಿಷದಲ್ಲಿ ಬೆನ್ನಿನವರೆಗೆ ಒದ್ದೆಯಾದೆ. ಕಿಟಕಿಯ ದಂಡೆಯಲ್ಲಿ ಅವಳ ಲೋಟ ಕವುಚಿಕೊಂಡಿತ್ತು.

ಕೈ ಒಳಗೆ ಚಾಚಿ ಚಟ್ಲಿ ಬಿಟ್ಟೆ.

"ತಿಂದೊ! ತುಂಗಾ, ತಿಂದೊ! ಸಣ್ಣದೂ ತಿಂತ್!" ಒಳಗಿಂದ ನಮ್ಮವರು ಕೂಗಿದರು. ನಾನು ಆರು ಮಳೆಗಾಲ ಎಂದು ಲೆಕ್ಕ ಹಾಕುತ್ತಿದ್ದೆ. ನಾಚಿಕೆಯಾಯಿತು, ಅಳು ಬಂತು, ಅತ್ತೆ. ಮಳೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಮುಂದಿನ ಆದಿತ್ಯವಾರ ಮತ್ತೆ ಕೋಡಿಗೆ ಹೋದೆ. ಈ ಸಲ ಜಗಲಿ ಹತ್ತಿ ನೇರ ಒಳಗೆ ನಡೆದು, ಕುಸುಮ ತಡೆಯುವ ಮೊದಲೇ ಕೊಡಪಾನದಿಂದ ನಾನೇ ಒಂದು ಲೋಟ ನೀರು ತುಂಬಿಸಿ ಕುಡಿದೆ. ಪದ್ದು ನೋಡಿದಳು. ಮಂಚದ ಪಕ್ಕ ಕೂತು ಎಲ್ಲ ವರದಿ ಒಪ್ಪಿಸಿದೆ: ಎಲ್ಲವೂ ತಿನ್ನುತ್ತಿವೆ, ರೌಡಿ ತಣ್ಣಗಾಗಿದೆ, ಹರಿದ ರೆಕ್ಕೆ ಕೂಡಿಕೊಳ್ಳುತ್ತಿದೆ.

"ಎಲ್ಲಿಂದ ಹಾಕ್ತ್ರಿ?" ಎಂದು ಕೇಳಿದಳು.

"ಕಿಟ್ಕಿಯಿಂದ. ಹೊರ್ಗ್ ನಿಂತ್."

ಅವಳು ಮಾಡಿನ ಹೆಂಚು ನೋಡಿದಳು. ಆಮೇಲೆ ನನ್ನ ಕೈ ಮೇಲೆ ಕೈಯಿಟ್ಟಳು.

"ಅಲ್ ನೀರ್ ಬೀಳತ್ತ್ ಟೀಚ್ರೆ" ಎಂದಳು. "ತಲಿಗ್ ಎಂತಾರೂ ಹಾಕ್ಕಣಿ."